ಲೇಡಿ ಡಾಕ್ಟರೇ ಬೇಕೆಂದವರು ಯಾರು?



ಸೊಲ್ಲಾಪುರಕ್ಕೆ ಬಂದವರೆಲ್ಲ ಡಫರಿನ್ ಚೌಕವನ್ನು ಒಮ್ಮೆಯಾದರೂ ದಾಟಿರುತ್ತೀರಿ. ಬ್ಯಾಂಕಿನ ಕೆಲಸಕ್ಕೆಂದು ನಾನು ಮೂವತ್ತು ವರ್ಷಕ್ಕೂ ಮಿಕ್ಕಿ ಆ ಚೌಕದ ಮುಂದೆ ಸೈಕಲ್ ತುಳಿದವನು, ಆಮೇಲೆ ಸ್ಕೂಟರಿನಲ್ಲಿ ಹೋದವನು. ಡಫರಿನ್ ಎಂದರೆ ಹಿಂದಿನ ಕಾಲದ ಯಾರೋ ಕಲೆಕ್ಟರ್ ಸಾಹೇಬ ಇರಬೇಕೆಂದು ತಿಳಿದಿದ್ದೆ. ಊರಿನ ಹಳೆಯ ಹೆರಿಗೆ ಆಸ್ಪತ್ರೆಗೂ ಅದೇ ಹೆಸರು ಏಕೆ ಬಂತು ಎಂದು ಕೇಳುವ ಬುದ್ಧಿ ಅಷ್ಟು ವರ್ಷ ಹೊಳೆಯಲಿಲ್ಲ. 2019ರಲ್ಲಿ ನಿವೃತ್ತನಾದ ಮೇಲೆ ವಾಚನಾಲಯದಲ್ಲಿ ಕೂಡುವ ಅಭ್ಯಾಸವಾಯಿತು. ಆಗ ತಿಳಿಯಿತು, ಹೆರಿಗೆ ಆಸ್ಪತ್ರೆಗಳಿಗೆ ಅಂಟಿಕೊಂಡ ಆ ಹೆಸರಿನ ಹಿಂದೆ ಇದ್ದದ್ದು ಸಾಹೇಬನಲ್ಲ, ಸಾಹೇಬನ ಹೆಂಡತಿ.

ಆದರೆ ಆ ಕಥೆಗೆ ಹೋಗುವ ಮೊದಲು ನಮ್ಮ ಮನೆಯ ಒಂದು ಮಾತು ಹೇಳಬೇಕು. ಈ ವಿಷಯ ನನ್ನ ತಲೆಗೆ ಹತ್ತಿದ್ದೇ ಅದರಿಂದ.

ನಮ್ಮದು ಅಕ್ಕಲಕೋಟೆ ತಾಲೂಕಿನ ಹಳ್ಳಿ. 1967ರಲ್ಲಿ ನನಗೆ ಎಂಟು ವರ್ಷ. ನಮ್ಮ ಚಿಗವ್ವ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ನಾನೂ ಅವ್ವನ ಜೊತೆ ಅಜ್ಜನ ಮನೆಯಲ್ಲಿದ್ದೆ. ಬ್ಯಾನಿ ಶುರುವಾಗಿ ಒಂದು ಹಗಲು ಒಂದು ರಾತ್ರಿ ಕಳೆದರೂ ಕೂಸು ಬರಲಿಲ್ಲ. ಸೂಲಗಿತ್ತಿ ಹೊರಗೆ ಬಂದು, ಇನ್ನು ತನ್ನ ಕೈಯಲ್ಲಿಲ್ಲ ಎಂದಳು. ಸೋದರಮಾವ ಬಂಡಿ ಕಟ್ಟಿಕೊಂಡು ಹೋಗಿ ಪಕ್ಕದ ದೊಡ್ಡ ಊರಿನ ಡಾಕ್ಟರರನ್ನು ಕರೆತಂದ. ಅವರು ಗಂಡಸು. ನಮ್ಮಜ್ಜ ಹೊಸ್ತಿಲಲ್ಲೇ ನಿಂತ. "ಗಂಡಸ ಡಾಕ್ಟರ ಒಳಗ ಹೋಗೂದು ಬ್ಯಾಡ. ನಮ್ಮ ಹುಡುಗಿ ಜೀವಾ ಬಿಟ್ಟಾಳು, ಪರಗಂಡಸಿನ ಕೈ ತಾಗಿಸಿಕೊಳ್ಳಾಕಿ ಅಲ್ಲ" ಅಂದ. ಡಾಕ್ಟರರು ಕಟ್ಟೆಯ ಮೇಲೆ ಬಹಳ ಹೊತ್ತು ಕುಳಿತರು. ಅವರಿಗೆ ಚಹಾ ಕೊಟ್ಟರು. ಕಂದೀಲು ಹಿಡಿದು ಅವರನ್ನು ಬಂಡಿಯವರೆಗೆ ಬಿಟ್ಟುಬಂದವನು ನಾನೇ. ಬೆಳಗಾಗುವುದರೊಳಗೆ ಚಿಗವ್ವನೂ ಕೂಸೂ ಇಬ್ಬರೂ ಹೋಗಿದ್ದರು.

ಮುಂದೆ ಮನೆಯಲ್ಲಿ ಈ ಮಾತು ಬಂದಾಗಲೆಲ್ಲ, ಚಿಗವ್ವ ಬಹಳ ಮರ್ಯಾದಸ್ಥ ಹೆಣ್ಣುಮಗಳು, ಅದಕ್ಕೇ ಜೀವ ಕೊಟ್ಟಳು ಎಂದೇ ಹಿರಿಯರು ಹೇಳುತ್ತಿದ್ದರು. ನಾನೂ ಹಾಗೇ ನಂಬಿದ್ದೆ.

ವಾಚನಾಲಯದಲ್ಲಿ ಓದುತ್ತ ಕುಳಿತಾಗ ಇಂಥದೇ ಇನ್ನೊಂದು ರಾತ್ರಿ ನನ್ನ ಕಣ್ಣಿಗೆ ಬಿತ್ತು. ಅದು 1890ರ ದಶಕ, ತಮಿಳುನಾಡಿನ ತಿಂಡಿವನಂ ಊರು. ಅಲ್ಲಿ ಅಮೆರಿಕದ ಮಿಶನರಿ ಡಾಕ್ಟರ್ ಜಾನ್ ಸ್ಕಡರ್ ಇದ್ದರು. ಅವರ ಮಗಳು ಐಡಾ, ತಾಯಿಗೆ ಆರಾಮಿಲ್ಲವೆಂದು ಅಮೆರಿಕದಿಂದ ಬಂದಿದ್ದ ಹರೆಯದ ಹುಡುಗಿ. ಒಂದೇ ರಾತ್ರಿ ಮೂರು ಜನ ಗಂಡಂದಿರು ಒಬ್ಬರ ಹಿಂದೊಬ್ಬರು ಬಂದು ಬಾಗಿಲು ಬಡಿದರು. ಒಬ್ಬ ಬ್ರಾಹ್ಮಣ, ಒಬ್ಬ ಮುಸಲ್ಮಾನ, ಒಬ್ಬ ಮೊದಲಿಯಾರ. ಮೂವರ ಹೆಂಡಿರಿಗೂ ಹೆರಿಗೆ ಕಷ್ಟವಾಗಿತ್ತು. ನಾನು ಡಾಕ್ಟರಲ್ಲ, ನನ್ನ ತಂದೆ ಬರುತ್ತಾರೆ ಎಂದಳು ಐಡಾ. ಗಂಡಸು ಬರುವುದು ಬೇಡವೆಂದು ಮೂವರೂ ಹಿಂದಿರುಗಿದರು. ಬೆಳಗ್ಗೆ ವಿಚಾರಿಸಿದರೆ ಮೂರೂ ಹೆಣ್ಣುಮಕ್ಕಳು ತೀರಿಹೋಗಿದ್ದರು. ಆ ಹುಡುಗಿ ಅಮೆರಿಕಕ್ಕೆ ಮರಳಿ 1899ರಲ್ಲಿ ಕಾರ್ನೆಲ್‌ನಲ್ಲಿ ಡಾಕ್ಟರಿಕೆ ಪಾಸು ಮಾಡಿಕೊಂಡು ಬಂದಳು. 1902ರಲ್ಲಿ ವೆಲ್ಲೂರಿನಲ್ಲಿ ನಲವತ್ತು ಹಾಸಿಗೆಯ ಆಸ್ಪತ್ರೆ, 1918ರಲ್ಲಿ ಹೆಣ್ಣುಮಕ್ಕಳಿಗಾಗಿ ವೈದ್ಯಕೀಯ ಶಾಲೆ ತೆರೆದಳು. ಇಂದು ನಮ್ಮ ಹೊಸೂರು, ತಾಳವಾಡಿ ಕಡೆಯವರು ದೊಡ್ಡ ಕಾಯಿಲೆಗೆ ವೆಲ್ಲೂರಿಗೆ ಹೋಗುತ್ತಾರಲ್ಲ, ಆ ಸಂಸ್ಥೆ ಹುಟ್ಟಿದ್ದು ಹೀಗೆ.

ಈ ಕಥೆಯನ್ನು ಬಹಳ ಜನ ಬರೆದಿದ್ದಾರೆ. ಓದಿ ಕಣ್ಣೀರು ಹಾಕಿದವರೂ ಇದ್ದಾರೆ. ನಾನು ಎರಡನೆಯ ಸಲ ಓದುವಾಗ ಒಂದು ಸಂಗತಿ ಹೊಳೆಯಿತು. ಮೂರು ಸಲ ಬಾಗಿಲು ಬಡಿದವರೂ ಗಂಡಸರು, ಬೇಡ ಎಂದವರೂ ಗಂಡಸರು. ಒಳಗೆ ಒದ್ದಾಡುತ್ತಿದ್ದ ಮೂರು ಹೆಣ್ಣುಮಕ್ಕಳು ಏನಂದರು? ಅದು ಎಲ್ಲೂ ದಾಖಲಾಗಿಲ್ಲ. ನಮ್ಮ ಬ್ಯಾಂಕಿನಲ್ಲಿ ಖಾತೆದಾರನ ಸಹಿ ಇಲ್ಲದೆ ಒಂದು ರೂಪಾಯಿ ಕೊಡುತ್ತಿರಲಿಲ್ಲ. ಇಲ್ಲಿ ಮಾತ್ರ ಖಾತೆ ಒಬ್ಬರದು, ಸಹಿ ಇನ್ನೊಬ್ಬರದು.

ಹಾಗಾದರೆ ಹೆಣ್ಣು ಡಾಕ್ಟರ್ ಬೇಕೆಂದು ಹೆಣ್ಣುಮಕ್ಕಳು ತಾವಾಗಿ ಕೇಳಲೇ ಇಲ್ಲವೇ? ಕೇಳಿದ್ದಾರೆ. ಚೆನ್ನಾಗಿಯೇ ಕೇಳಿದ್ದಾರೆ. ಅದನ್ನೇ ಈಗ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಮಧ್ಯ ಭಾರತದಲ್ಲಿ ಪನ್ನಾ ಎಂಬ ಸಣ್ಣ ಸಂಸ್ಥಾನವಿತ್ತು. ವಜ್ರದ ಗಣಿಗೆ ಹೆಸರಾದ ಊರು. ಅಲ್ಲಿಯ ಮಹಾರಾಣಿಗೆ ಕಾಯಿಲೆ ಬಿದ್ದಾಗ ಲಖನೌದಿಂದ ಎಲಿಜಬೆತ್ ಬೀಲ್ಬಿ ಎಂಬ ಇಂಗ್ಲಿಷ್ ಹೆಣ್ಣುಮಗಳನ್ನು ಕರೆಸಿದರು. ಮಹಾರಾಣಿ ಗುಣವಾದಳು. ಬೀಲ್ಬಿ ಇಂಗ್ಲೆಂಡಿಗೆ ಹೊರಟಾಗ ಮಹಾರಾಣಿ ಒಂದು ಕೆಲಸ ಒಪ್ಪಿಸಿದಳು. ಇಲ್ಲಿಯ ಹೆಂಗಸರು ಕಾಯಿಲೆ ಬಿದ್ದಾಗ ಪಡುವ ಪಾಡನ್ನು ವಿಕ್ಟೋರಿಯಾ ರಾಣಿಗೆ ತಿಳಿಸಬೇಕು; ಬಾಯಿಮಾತು ಸಾಲದು, ಕಾಗದದಲ್ಲಿ ಬರೆದುಕೋ; ಸಣ್ಣ ಅಕ್ಷರದಲ್ಲಿ ಬರೆ, ಲಾಕೆಟ್ಟಿನಲ್ಲಿಟ್ಟು ಕೊರಳಿಗೆ ಹಾಕಿಕೊಂಡು ಹೋಗಿ ರಾಣಿಯ ಕೈಗೇ ಕೊಡು ಎಂದಳು. 1881ರಲ್ಲಿ ಆ ಲಾಕೆಟ್ ರಾಣಿಯ ಅರಮನೆ ಮುಟ್ಟಿತು. ಜನಾನದೊಳಗಿನ ಹೆಣ್ಣುಮಗಳ ಮಾತು, ನಡುವೆ ಯಾವ ಗಂಡಸಿನ ಬಾಯಿಗೂ ಬೀಳದೆ, ಸಮುದ್ರ ದಾಟಿತು ನೋಡಿ.

ಮರುವರ್ಷ, ಅಂದರೆ 1882ರಲ್ಲಿ, ಪುಣೆಯಲ್ಲಿ ಹಂಟರ್ ಶಿಕ್ಷಣ ಆಯೋಗದ ಮುಂದೆ ಇಪ್ಪತ್ತನಾಲ್ಕು ವಯಸ್ಸಿನ ಒಬ್ಬ ವಿಧವೆ ಸಾಕ್ಷಿ ಹೇಳಿದರು. ಅವರೇ ಪಂಡಿತಾ ರಮಾಬಾಯಿ. ಮರಾಠಿಗರು ಅವರನ್ನು ತಮ್ಮವರೆನ್ನುತ್ತಾರೆ, ಅದು ಸರಿ. ಆದರೆ ಅವರು ಹುಟ್ಟಿದ್ದು 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ, ತುಂಗೆ ಭದ್ರೆ ನೇತ್ರಾವತಿ ಹುಟ್ಟುವ ಕಾಡಿನಲ್ಲಿ. ಅವರಿಗೆ ಕನ್ನಡವೂ ಬರುತ್ತಿತ್ತು. ಗಡಿ ನಾಡಿನ ನಮಗೆ ಇದನ್ನು ಕೇಳಿದರೆ ಸ್ವಲ್ಪ ಎದೆ ಉಬ್ಬುತ್ತದೆ. ಆಯೋಗದ ಮುಂದೆ ರಮಾಬಾಯಿ ಹೇಳಿದ ಸಾರಾಂಶ ಇಷ್ಟು: ಈ ದೇಶದ ಹೆಂಗಸರು ತಮ್ಮ ಕಾಯಿಲೆಯನ್ನು ಗಂಡಸಿಗೆ ಹೇಳುವುದಕ್ಕಿಂತ ಸಾಯುವುದು ಲೇಸೆಂದು ತಿಳಿಯುತ್ತಾರೆ, ಇದರಿಂದ ಎಷ್ಟೋ ಜೀವಗಳು ಅಕಾಲದಲ್ಲಿ ಹೋಗುತ್ತಿವೆ, ಆದ್ದರಿಂದ ಹೆಣ್ಣುಮಕ್ಕಳಿಗೆ ವೈದ್ಯ ವಿದ್ಯೆಯ ಬಾಗಿಲು ತೆರೆಯಬೇಕು. ಇಲ್ಲಿಯೂ ಹೇಳಿದವರು ಹೆಣ್ಣುಮಗಳೇ. ಗಂಡಸು ಡಾಕ್ಟರನನ್ನು ಒಳಗೆ ಬಿಡಬೇಡಿ ಎಂದು ಅವರು ಬಾಗಿಲು ಮುಚ್ಚಲಿಲ್ಲ, ಹೆಣ್ಣುಮಕ್ಕಳನ್ನು ಕಾಲೇಜಿನೊಳಗೆ ಬಿಡಿ ಎಂದರು. ನಮ್ಮಜ್ಜನ ಮಾತಿಗೂ ಈ ಮಾತಿಗೂ ಎಷ್ಟು ಅಂತರವಿದೆ, ನೀವೇ ಅಳೆದು ನೋಡಿ.

ರಮಾಬಾಯಿಯವರ ದೂರದ ಬಳಗದ ಇನ್ನೊಬ್ಬ ಹುಡುಗಿ ಕಲ್ಯಾಣದ ಆನಂದಿಬಾಯಿ ಜೋಶಿ. ಒಂಬತ್ತನೆಯ ವಯಸ್ಸಿಗೆ ಮದುವೆ, ಹದಿನಾಲ್ಕಕ್ಕೆ ಹೆರಿಗೆ. ಹತ್ತೇ ದಿನಕ್ಕೆ ಕೂಸು ಹೋಯಿತು. 1883ರಲ್ಲಿ ಅಮೆರಿಕಕ್ಕೆ ಹೊರಡುವ ಮುಂಚೆ ಬಂಗಾಳದ ಶ್ರೀರಾಮಪುರದ ಕಾಲೇಜಿನಲ್ಲಿ ನಿಂತು, ತಾನು ಯಾಕೆ ಹೋಗುತ್ತಿದ್ದೇನೆಂದು ಆಕೆ ಸಭೆಗೆ ಹೇಳಿದಳು. ಈ ದೇಶಕ್ಕೆ ಹಿಂದೂ ಹೆಣ್ಣು ಡಾಕ್ಟರರು ಬೇಕು, ನಾನು ಆಗುತ್ತೇನೆ ಎಂಬುದೇ ಅದರ ತಾತ್ಪರ್ಯ. ಆಗ ಆಕೆಗೆ ಹದಿನೆಂಟೂ ತುಂಬಿರಲಿಲ್ಲ. 1886ರ ಮಾರ್ಚ್ 11ರಂದು ಫಿಲಡೆಲ್ಫಿಯಾದ ಹೆಣ್ಣುಮಕ್ಕಳ ವೈದ್ಯಕೀಯ ಕಾಲೇಜಿನಲ್ಲಿ ಪದವಿ ಬಂತು. ಸಭೆಯಲ್ಲಿ ರಮಾಬಾಯಿ ಕುಳಿತಿದ್ದರು. ಆನಂದಿಬಾಯಿ ಬರೆದ ಪ್ರಬಂಧವೂ ಹೆರಿಗೆಯ ಮೇಲೆಯೇ, ನಮ್ಮ ಹಳೆಯ ಶಾಸ್ತ್ರಗಳಲ್ಲಿ ಪ್ರಸೂತಿಯ ವಿಚಾರ. ಕೊಲ್ಲಾಪುರದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಹೆಂಗಸರ ವಾರ್ಡಿಗೆ ನೇಮಕವೂ ಆಯಿತು. ಆದರೆ ಕ್ಷಯ ಬಿಡಲಿಲ್ಲ. 1887ರ ಫೆಬ್ರುವರಿಯಲ್ಲಿ, ಇಪ್ಪತ್ತೆರಡೂ ತುಂಬದೆ, ಒಂದು ಹೆರಿಗೆಯನ್ನೂ ಇಲ್ಲಿ ಮಾಡಿಸದೆ ತೀರಿಕೊಂಡಳು. ಕೊಲ್ಲಾಪುರಕ್ಕೆ ಆಕೆ ಬಂದಿದ್ದರೆ ನಮ್ಮ ಕಡೆಯ ಎಷ್ಟು ಬಾಣಂತಿಯರು ಬದುಕುತ್ತಿದ್ದರೋ ಎಂದು ಮನಸ್ಸಿನಲ್ಲಿ ಬರುತ್ತದೆ.

ಇನ್ನು ಡಫರಿನ್. 1884ರ ಕೊನೆಗೆ ಲಾರ್ಡ್ ಡಫರಿನ್ ವೈಸರಾಯ್ ಆಗಿ ಬಂದ. ಹೊರಡುವಾಗ ವಿಕ್ಟೋರಿಯಾ ರಾಣಿ ಅವನ ಹೆಂಡತಿಗೆ ಈ ಹೆಂಗಸರ ವಿಷಯ ನೋಡಿಕೊಳ್ಳೆಂದು ಹೇಳಿ ಕಳಿಸಿದ್ದರು. 1885ರಲ್ಲಿ ಲೇಡಿ ಡಫರಿನ್ ನಿಧಿ ಕಟ್ಟಿದಳು. ಹೆಣ್ಣುಮಕ್ಕಳಿಗೆ ಡಾಕ್ಟರಿಕೆ, ನರ್ಸು ಮತ್ತು ದಾಯಿಯ ಕೆಲಸ ಕಲಿಸುವುದು. ಹೆಂಗಸರಿಗಾಗಿಯೇ ಆಸ್ಪತ್ರೆ, ದವಾಖಾನೆ ತೆರೆಯುವುದು. ರಾಜರು, ಜಮೀನುದಾರರು ಚಂದಾ ಕೊಟ್ಟರು. ಊರೂರಿಗೆ ಡಫರಿನ್ ಹೆಸರಿನ ಹೆರಿಗೆ ಆಸ್ಪತ್ರೆಗಳು ಎದ್ದವು.

ಹಾಗೆಂದು ಎಲ್ಲ ಪುಣ್ಯವನ್ನೂ ವೈಸರಾಯನ ಮನೆಯ ಖಾತೆಗೆ ಜಮಾ ಮಾಡುವುದು ಸರಿಯಲ್ಲ. ಮದ್ರಾಸ್ ಮೆಡಿಕಲ್ ಕಾಲೇಜು 1875ರಲ್ಲೇ ನಾಲ್ಕು ಜನ ಹೆಣ್ಣುಮಕ್ಕಳನ್ನು ಸೇರಿಸಿಕೊಂಡಿತ್ತು. ಅವರಲ್ಲಿ ಒಬ್ಬರಾದ ಮೇರಿ ಶಾರ್ಲೀಬ್ ಲಂಡನ್ನಿನಲ್ಲಿ ಮುಂದೆ ಓದಿ ಬಂದರು. ಅವರ ಯತ್ನದಿಂದ 1885ರಲ್ಲಿ ಮದ್ರಾಸಿನಲ್ಲಿ ಜಾತಿವಂತ ಮತ್ತು ಗೋಷಾ ಹೆಂಗಸರ ಆಸ್ಪತ್ರೆ ಶುರುವಾಯಿತು. ಅದಕ್ಕೆ ಆಮೇಲೆ ಕಸ್ತೂರಬಾ ಗಾಂಧಿಯವರ ಹೆಸರಿಟ್ಟರು, ಆದರೂ ಜನರ ಬಾಯಲ್ಲಿ ಅದು ಗೋಷಾ ಆಸ್ಪತ್ರೆಯೇ. ಮುಂಬಯಿಯಲ್ಲಿ 1883ರಲ್ಲೇ ಸೊರಾಬ್ಜಿ ಬಂಗಾಲಿ ಎಂಬ ಪಾರ್ಸಿ ಗೃಹಸ್ಥರು, ಕಿಟ್ರೆಜ್ ಎಂಬ ಅಮೆರಿಕನ್ ವ್ಯಾಪಾರಿ ಕೂಡಿ ಹಣ ಎತ್ತಿ, ಇಂಗ್ಲೆಂಡಿನಿಂದ ಎಡಿತ್ ಪೀಚಿ ಎಂಬ ಡಾಕ್ಟರರನ್ನು ಕರೆಸಿದರು. ಕಾಮಾ ಆಸ್ಪತ್ರೆ 1886ರಲ್ಲಿ ತೆರೆಯಿತು. ಈ ಪೀಚಿ ತಾಯಿಯನ್ನು ಸ್ವಂತ ದೇಶದ ಎಡಿನ್‌ಬರೋದಲ್ಲಿ ಹೆಣ್ಣೆಂಬ ಕಾರಣಕ್ಕೆ ಪದವಿ ಕೊಡದೆ ಹೊರಗಟ್ಟಿದ್ದರು. ನಮ್ಮ ಹೆಂಗಸರ ಪರದೆಯಿಂದಾಗಿ ಇಂಗ್ಲೆಂಡಿನ ಹೆಣ್ಣುಮಕ್ಕಳಿಗೆ ಕೆಲಸದ ಬಾಗಿಲು ತೆರೆಯಿತು. ವಿಚಿತ್ರವಾದರೂ ನಿಜ.

ಆದರೆ ಕೆಲಸ ಅರ್ಧಕ್ಕೇ ನಿಂತಿತು. ಲೇಡಿ ಡಾಕ್ಟರರು ಬಂದರು, ಅವರ ಮೇಲೆ ತಪಾಸಣೆಗೆ ಜಿಲ್ಲೆಯ ಸಿವಿಲ್ ಸರ್ಜನ್ ಗಂಡಸೇ ಇದ್ದ. ಸಂಬಳ ಕಡಿಮೆ, ಬಡ್ತಿಯ ಭರವಸೆ ಇಲ್ಲ. 1907ರಲ್ಲಿ ಆ ಡಾಕ್ಟರರು ತಮ್ಮದೇ ಸಂಘ ಕಟ್ಟಿಕೊಂಡು ಜಗ್ಗಾಡಿದ ಮೇಲೆ 1914ರಲ್ಲಿ ಸರಕಾರ ಹೆಣ್ಣು ಡಾಕ್ಟರರ ಪ್ರತ್ಯೇಕ ಸೇವಾ ವಿಭಾಗ ಮಾಡಿತು. ನೌಕರರ ಸಂಘದಲ್ಲಿ ಇದ್ದವನಾದ್ದರಿಂದ ಈ ಭಾಗ ಓದುವಾಗ ನನಗೆ ಬಹಳ ಹಿತವೆನಿಸಿತು.

ಮದ್ರಾಸಿನ ಆಸ್ಪತ್ರೆಯ ಹೆಸರನ್ನೂ ಇನ್ನೊಮ್ಮೆ ನೋಡಿ, ಜಾತಿವಂತ ಮತ್ತು ಗೋಷಾ. ಕೂಲಿ ಮಾಡುವ ಹೆಂಗಸಿಗೆ ಪರದೆ ಎಲ್ಲಿತ್ತು? ಅದೇ ಮದ್ರಾಸಿನಲ್ಲಿ 1844ರಿಂದ ಸರಕಾರಿ ಹೆರಿಗೆ ಆಸ್ಪತ್ರೆ ಇತ್ತು, ಗಂಡಸು ಡಾಕ್ಟರರೇ ನೋಡುತ್ತಿದ್ದರು, ಬಡ ಹೆಂಗಸರು ಹೋಗುತ್ತಿದ್ದರು. ಅವರ ಇಷ್ಟಾನಿಷ್ಟ ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ. ಉಳ್ಳವರ ಮನೆಯ ಹೆಣ್ಣಿಗೆ ಬೇಡ ಎನ್ನುವವರು ಬೇರೆಯವರು, ಇಲ್ಲದವರ ಮನೆಯ ಹೆಣ್ಣಿಗೆ ಒಪ್ಪಿಕೋ ಎನ್ನುವವರು ಬೇರೆಯವರು. ಎರಡೂ ಕಡೆ ಆಕೆಯ ಬಾಯಿ ಬಂದ್.

ಇಷ್ಟೆಲ್ಲ ಆಗುವಾಗಲೂ ಹಳ್ಳಿಗಳಲ್ಲಿ ಸೂಲಗಿತ್ತಿಯೇ ಇದ್ದಳು. ಆಂಧ್ರದ ಮಡಕಶಿರಾ ಸೀಮೆಗೆ ಹತ್ತಿದ ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರ ಹೆಸರು ಆ ಕಡೆಯ ಓದುಗರಿಗೆ ಹೊಸದಲ್ಲ. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ದುಡ್ಡು ಮುಟ್ಟದೆ ಮಾಡಿಸಿದ ತಾಯಿ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು.

ಹಾಗಾದರೆ ಗಂಡಸು ಡಾಕ್ಟರರು ಹೆರಿಗೆಗೆ ಬೇಡವೇ? ಹಾಗೆ ಹೇಳಿದರೆ ಕೃತಘ್ನತೆಯಾದೀತು. ಮದ್ರಾಸಿನ ಎಗ್ಮೋರ್ ಹೆರಿಗೆ ಆಸ್ಪತ್ರೆಯ ಮೊದಲ ಭಾರತೀಯ ಮುಖ್ಯಸ್ಥರು ಡಾ. ಲಕ್ಷ್ಮಣಸ್ವಾಮಿ ಮೊದಲಿಯಾರ್. ಅವರು ಬರೆದ ಪ್ರಸೂತಿಯ ಪುಸ್ತಕವನ್ನು ತಲೆಮಾರುಗಟ್ಟಲೆ ಹೆಣ್ಣು ಡಾಕ್ಟರರೂ ಓದಿ ಪಾಸಾಗಿದ್ದಾರೆ. ಗೋವೆಯ ಓದುಗರಿಗೆ ಇನ್ನೂ ಹತ್ತಿರದ ಹೆಸರು ಡಾ. ವಿಠ್ಠಲ ನಾಗೇಶ ಶಿರೋಡಕರ್. 1899ರಲ್ಲಿ ಗೋವೆಯ ಶಿರೋಡೆಯಲ್ಲಿ ಹುಟ್ಟಿ, ನಮ್ಮ ಹುಬ್ಬಳ್ಳಿಯಲ್ಲಿ ಹೈಸ್ಕೂಲು ಓದಿ, ಮುಂಬಯಿಗೆ ಹೋಗಿ ಡಾಕ್ಟರಾದವರು. ಗರ್ಭಕೋಶದ ಬಾಯಿ ಸಡಿಲವಾಗಿ ನಾಲ್ಕು ಐದು ತಿಂಗಳಿಗೇ ಬಸಿರು ಇಳಿದುಹೋಗುವ ಹೆಂಗಸರಿಗೆ ಆ ಬಾಯಿಗೆ ಹೊಲಿಗೆ ಹಾಕಿ ಬಿಗಿಮಾಡುವ ವಿಧಾನವನ್ನು 1955ರಲ್ಲಿ ಲೋಕಕ್ಕೆ ತಿಳಿಸಿದರು. ಇವತ್ತಿಗೂ ಜಗತ್ತಿನ ತುಂಬ ಅದನ್ನು ಶಿರೋಡಕರ್ ಹೊಲಿಗೆ ಎಂದೇ ಕರೆಯುತ್ತಾರೆ. ಹೆಣ್ಣುಮಕ್ಕಳಿಗಾಗಿಯೇ ಹುಟ್ಟಿದ ವೆಲ್ಲೂರಿನ ಕಾಲೇಜು ಕೂಡ 1947ರಿಂದ ಗಂಡುಹುಡುಗರನ್ನು ಸೇರಿಸಿಕೊಂಡಿತು. ಈಗ ಗಾಳಿ ತಿರುಗಿದೆ. ಪ್ರಸೂತಿ ವಿದ್ಯೆ ಕಲಿಯಲು ಹೋಗುವವರಲ್ಲಿ ಹೆಣ್ಣುಮಕ್ಕಳದೇ ಮೇಲುಗೈ.

1986ರಲ್ಲಿ ನನ್ನ ಹೆಂಡತಿಯ ಹೆರಿಗೆಯಾಯಿತು. ಚಿಗವ್ವನ ಕಥೆ ನನ್ನ ತಲೆಯಲ್ಲಿತ್ತು. ಲೇಡಿ ಡಾಕ್ಟರ್ ಎಂದು ಬೋರ್ಡು ಹಾಕಿದ ಖಾಸಗಿ ದವಾಖಾನೆಯನ್ನೇ ಹುಡುಕಿ ಸೇರಿಸಿದೆ. ಲೇಡಿ ಡಾಕ್ಟರರು ಹಗಲು ಎರಡು ಸಲ ಬಂದು ಬೈದು ಹೋದರು. ನಡುರಾತ್ರಿ ಕೂಸು ಬರುವ ಹೊತ್ತಿಗೆ ಅವರಿರಲಿಲ್ಲ. ಎಳೆಯ ವಯಸ್ಸಿನ ಗಂಡಸು ಡಾಕ್ಟರೊಬ್ಬರು ಹೆರಿಗೆ ಮಾಡಿಸಿದರು. ನಮಗೆ ಒಂದು ಮಾತು ಹೇಳಲಿಲ್ಲ, ಕೇಳಲಿಲ್ಲ. ಮಗಳು ಹುಟ್ಟಿದಳು, ತಾಯಿ ಕೂಸು ಸುಖವಾಗಿದ್ದರು, ಆದ್ದರಿಂದ ನಾನು ಬಾಯಿ ಮುಚ್ಚಿಕೊಂಡು ಬಿಲ್ಲು ಕಟ್ಟಿದೆ. ತಿಂಗಳೊಪ್ಪತ್ತು ಕಳೆದ ಮೇಲೆ ಹೆದರುತ್ತಲೇ ಆಕೆಯನ್ನು ಕೇಳಿದೆ, ಗಂಡಸು ಡಾಕ್ಟರ್ ಬಂದದ್ದು ಬಹಳ ಕಷ್ಟವಾಯಿತೇನು ಎಂದು. ಆಕೆ ಹೇಳಿದ್ದು ಬೇರೆಯೇ. "ಆ ಹುಡುಗ ಬಾಳ ಸಮಾಧಾನದಿಂದ ಮಾತಾಡಿದ್ರಿ. ಆದ್ರ ಬಾಗಲಾ ತೆರದ ಇತ್ತು. ವಾರ್ಡ್‌ಬಾಯ್ ಹೋಗಾಂವ, ಬರಾಂವ. ಅದೊಂದು ಬಾಗಲಾ ಹಾಕಿದ್ರ ಸಾಕಿತ್ತು."

ಬೋರ್ಡು ಓದಿ ದವಾಖಾನೆ ಆರಿಸಿದ್ದು ನಾನು. ಆಕೆಯನ್ನು ನಾನೂ ಕೇಳಿರಲಿಲ್ಲ.

ಅಮೆರಿಕ, ಇಸ್ರೇಲ್ ಮುಂತಾದ ದೇಶಗಳಲ್ಲಿ ಡಾಕ್ಟರರು ಈ ವಿಷಯವಾಗಿ ಹೆಂಗಸರನ್ನೇ ಕೇಳಿ ಸಮೀಕ್ಷೆ ಮಾಡಿದ್ದಾರೆ. ಹೆಣ್ಣು ಡಾಕ್ಟರೇ ಬೇಕೆನ್ನುವವರು ಬಹಳ ಜನ. ಯಾರಾದರೂ ಆದೀತು ಎನ್ನುವವರೂ ಕಡಿಮೆಯೇನಲ್ಲ. ಎಲ್ಲಕ್ಕಿಂತ ಮುಖ್ಯ ಯಾವುದೆಂದು ಕೇಳಿದರೆ ಕೈಗುಣ, ಅನುಭವ, ಮಾತಾಡುವ ರೀತಿ ಇವೇ ಮುಂದೆ ಬರುತ್ತವೆ. ನಮ್ಮಲ್ಲಿಯೂ ಕಾಗದದ ಮೇಲೆ ಕೆಲವು ಹಕ್ಕುಗಳಿವೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕಿನ ಸನ್ನದಿನಲ್ಲಿ, ಗಂಡಸು ಡಾಕ್ಟರ್ ಹೆಣ್ಣುಮಗಳ ಮೈ ಪರೀಕ್ಷಿಸುವಾಗ ಇನ್ನೊಬ್ಬ ಹೆಣ್ಣುಮಗಳು ಬಳಿಯಲ್ಲಿರಬೇಕೆಂದು ಇದೆ. ಇದನ್ನು ಓದುತ್ತಿರುವ ತಾಯಂದಿರು ದಯವಿಟ್ಟು ನೆನಪಿಟ್ಟುಕೊಳ್ಳಿ, ಕೇಳಿದರೆ ತಪ್ಪಲ್ಲ.

ಇನ್ನೊಂದು ಸಂಗತಿ ಯಾವ ಪುಸ್ತಕದಲ್ಲೂ ನನಗೆ ಸಿಗಲಿಲ್ಲ, ಮಗಳಿಂದ ಕಲಿತೆ. 2014ರಲ್ಲಿ ಆಕೆ ಹೆರಿಗೆಗೆ ನಮ್ಮಲ್ಲಿಗೆ ಬಂದಳು. ಈ ಸಲ ನಾನು ಜಾಣನಾಗಿದ್ದೆ, ಮೊದಲೇ ಕೇಳಿದೆ. ಇಬ್ಬರು ಡಾಕ್ಟರರಲ್ಲಿ ತೋರಿಸಿಕೊಂಡು ಬಂದಳು. ಒಬ್ಬರು ಹೆಸರಾಂತ ಲೇಡಿ ಡಾಕ್ಟರ್, ಇನ್ನೊಬ್ಬರು ವಿಜಯಪುರದ ಕಡೆಯಿಂದ ಬಂದು ನೆಲೆಸಿದ ಗಂಡಸು. ಮಗಳು ಆ ಗಂಡಸನ್ನೇ ಆರಿಸಿದಳು. "ಅವರಿಗೆ ಕನ್ನಡ ಬರ್ತೈತಿ ಅಪ್ಪಾ. ಮರಾಠಿ ನನಗೂ ಬರ್ತೈತಿ ಖರೆ, ಆದ್ರ ಬ್ಯಾನಿ ಬಂದಾಗ ಹುಡುಕಿ ಹುಡುಕಿ ಮಾತಾಡಾಕ ಆಗೂದಿಲ್ಲ" ಅಂದಳು. ಗಡಿಯಾಚೆಯ ಓದುಗರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಕಾಸರಗೋಡಿನ ತಾಯಿ ಮಲಯಾಳದಲ್ಲಿ, ಆದವಾನಿಯ ತಾಯಿ ತೆಲುಗಿನಲ್ಲಿ ನೋವು ಹೇಳಿಕೊಂಡು ಬಂದವರೇ ಇದ್ದೀರಿ.

ಹೆರಿಗೆಯ ರಾತ್ರಿ ನಮ್ಮವ್ವನೂ ದವಾಖಾನೆಗೆ ಬಂದಿದ್ದಳು. ಆಗ ಆಕೆಗೆ ಎಪ್ಪತ್ತಾರು ವರ್ಷ. ಹೊರಗೆ ಬೆಂಚಿನ ಮೇಲೆ ನಾವಿಬ್ಬರೇ ಕುಳಿತಿದ್ದೆವು.

"ಒಳಗ ಯಾರದಾರ?" ಎಂದಳು.

"ಡಾಕ್ಟರ್ ಅದಾರ. ಗಂಡಸು. ಸಿಸ್ಟರೂ ಅದಾರ" ಎಂದೆ. ಬೈದಾಳೆಂದುಕೊಂಡೆ.

"ಹುಡುಗೀನ ಕೇಳಿದ್ರೇನು?"

"ಆಕೀನ ಹೇಳ್ಯಾಳ."

ಅವ್ವ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು:

"ನಿಮ್ಮ ಚಿಗವ್ವನೂ ಹೇಳಿದ್ಲು. ಗಂಡಸಾದ್ರೇನ ಯಕ್ಕಾ, ಕರೀ ಅವರನ್ನ, ನನಗ ತಾಳೂದು ಆಗವಲ್ದು ಅಂದ್ಲು. ಎರಡು ಸಲ ಅಂದ್ಲು. ಒಳಗಿದ್ದಾಕಿ ನಾನು. ಹೊರಗ ಕಟ್ಟಿ ಮ್ಯಾಲ ಅಪ್ಪ ಕುಂತಿದ್ದ. ಆ ಮಾತು ಹೊರಗ ಒಯ್ದು ಹೇಳಾಕ ನನಗ ಧೈರ್ಯ ಆಗಲಿಲ್ಲೋ ತಮ್ಮಾ."

ಅಷ್ಟರಲ್ಲಿ ಒಳಗಿನಿಂದ ಕೂಸಿನ ದನಿ ಕೇಳಿತು. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು ಎದ್ದಳು.